ಡಬ್ಬಿಯ ಮುಂದಿನ ಹೆಸರು, ಹಿಂದಿನ ಅಕ್ಷರ: ಎಂಜಿನ್ ಆಯಿಲ್ ಆರಿಸುವ ವಿಜ್ಞಾನ



ರೊಳ್ಳ, ಅಗಳಿ, ಅಮರಾಪುರ, ಮಡಕಶಿರ, ರಾಯದುರ್ಗ – ನೀವು ಯಾವ ಊರಿನವರೇ ಆಗಿರಿ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ಬೈಕು, ಮೊಪೆಡ್ ಅಥವಾ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಕೆಲವು ತಿಂಗಳಿಗೊಮ್ಮೆ ಅದಕ್ಕೆ ಆಯಿಲ್ ಬದಲಿಸಬೇಕು. ಅಪ್ಪ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ "ಗಾಡಿಗೆ ಆಯಿಲ್ ಕೊಡಣ್ಣ" ಅಂತಾರೆ. ಅಂಗಡಿಯವರು ಕೇಳ್ತಾರೆ: "ಹೆಸರಿರೋ ಕಂಪ್ನಿದು ಕೊಡ್ಲಾ, ಕಡಿಮೆ ರೇಟಿಂದು ಕೊಡ್ಲಾ? ಸಿಂಥೆಟಿಕ್ಕೂ ಇದೆ ನೋಡಿ."

ಆಗ ಉತ್ತರ ಹೇಳೋದು ಯಾರು? ಹೆಚ್ಚಾಗಿ ಮೆಕ್ಯಾನಿಕ್, ಇಲ್ಲವೇ ಟಿ.ವಿ. ಜಾಹೀರಾತು. ನಮ್ಮ ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ, ಅಂಗಡಿಯ ಬೋರ್ಡು ತೆಲುಗು, ಡಬ್ಬಿಯ ಮೇಲಿನ ಬರಹ ಇಂಗ್ಲಿಷು. ಹಾಗಾಗಿ ಆ ಬರಹವನ್ನು ಓದುವ ಗೋಜಿಗೇ ಯಾರೂ ಹೋಗುವುದಿಲ್ಲ. ಆದರೆ ನೀವು ಓದಬಲ್ಲಿರಿ. ಅಲ್ಲಿರುವುದು ಐದಾರು ಅಕ್ಷರ, ನಾಲ್ಕಾರು ಅಂಕಿ ಅಷ್ಟೆ. ಇವತ್ತಿನ ಪಾಠ ಅದನ್ನು ಓದುವುದು ಹೇಗೆ ಎಂಬುದೇ.

ಎಣ್ಣೆಯ ಕೆಲಸವೇನು?

8ನೇ ತರಗತಿಯಲ್ಲಿ ಘರ್ಷಣೆಯ ಪಾಠ ಓದಿದ್ದೀರಿ. ಎರಡು ಮೇಲ್ಮೈಗಳು ಒಂದಕ್ಕೊಂದು ಉಜ್ಜಿದರೆ ಶಾಖ ಹುಟ್ಟುತ್ತದೆ, ವಸ್ತು ಸವೆಯುತ್ತದೆ. ಬೈಕಿನ ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಆಗ ಪಿಸ್ಟನ್ ಒಂದು ಸೆಕೆಂಡಿಗೆ ಸುಮಾರು 83 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಲೋಹಕ್ಕೆ ಲೋಹ ನೇರವಾಗಿ ತಾಗಿದರೆ ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಹಿಡಿದುಕೊಳ್ಳುತ್ತದೆ. ಗ್ಯಾರೇಜಿನವರು "ಸೀಜ್ ಆಯ್ತು" ಅನ್ನುವುದು ಇದನ್ನೇ.

ಎಣ್ಣೆ ಆ ಎರಡು ಲೋಹಗಳ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರ್ ರೈಲು ಗಾಡಿಯ ಬೇರಿಂಗ್‌ಗಳ ಬಗ್ಗೆ ಪ್ರಯೋಗ ಮಾಡುವಾಗ, ತಿರುಗುವ ಅಚ್ಚು ಎಣ್ಣೆಯನ್ನು ತಾನೇ ಒಳಗೆಳೆದುಕೊಂಡು ಬಹಳ ಒತ್ತಡದ ಪದರ ಕಟ್ಟಿಕೊಳ್ಳುವುದನ್ನು ಕಂಡರು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತದ ವಿವರಣೆ ಕೊಟ್ಟರು. ಅಂದರೆ ಓಡುತ್ತಿರುವ ಎಂಜಿನ್ನಿನಲ್ಲಿ ಅಚ್ಚು ಬೇರಿಂಗಿನ ಮೇಲೆ ಕೂತಿರುವುದಿಲ್ಲ, ಎಣ್ಣೆಯ ಮೇಲೆ ತೇಲುತ್ತಿರುತ್ತದೆ.

ಇದು ನಮ್ಮ ಹಿರಿಯರಿಗೆ ಹೊಸದಲ್ಲ. ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಹರಳೆಣ್ಣೆ ಅದಕ್ಕೆ ಬಹಳ ಚೆನ್ನಾಗಿ ಒದಗುತ್ತಿತ್ತು, ಏಕೆಂದರೆ ಅದು ಗಟ್ಟಿ, ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಅದೇ ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುತ್ತಾರೆ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ತನ್ನ ಎಂಜಿನ್ ಎಣ್ಣೆಗೆ ಹರಳೆಣ್ಣೆ ಬೆರೆಸಿ ಅದನ್ನು ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ಮಾರತೊಡಗಿತು. ಹೆಸರು ಬಂದದ್ದೇ ಹರಳಿನಿಂದ! ಆದರೆ ಹರಳೆಣ್ಣೆ ಹೆಚ್ಚು ಕಾಲ ಕಾದರೆ ಗೋಂದಿನಂತಾಗುತ್ತದೆ. ಆದ್ದರಿಂದ ಇವತ್ತಿನ ಎಂಜಿನ್‌ಗಳಿಗೆ ಅದು ಹೊಂದುವುದಿಲ್ಲ.

ಮೊದಲು ಅಂಕಿ ಓದಿ

ಡಬ್ಬಿಯ ಮೇಲೆ 10ಡಬ್ಲ್ಯೂ-30, 20ಡಬ್ಲ್ಯೂ-40, 15ಡಬ್ಲ್ಯೂ-40 ಎಂದೆಲ್ಲ ಇರುತ್ತದೆ. ಇದು ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ಅಡ್ಡಿ. ನೀರು ಸಲೀಸಾಗಿ ಹರಿಯುತ್ತದೆ, ಜೇನುತುಪ್ಪ ನಿಧಾನಕ್ಕೆ ಹರಿಯುತ್ತದೆ. ಜೇನಿನ ಸ್ನಿಗ್ಧತೆ ಹೆಚ್ಚು. ಈ ದರ್ಜೆಗಳನ್ನು ಮಾಡಿದ್ದು ಎಸ್‌ಎಇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘ, 1911ರಲ್ಲಿ. ಆಮೇಲೆ ಅದು ಹಲವು ಸಲ ತಿದ್ದುಪಡಿಯಾಗಿದೆ.

ಕೊನೆಯ ಅಂಕಿ ಎಂಜಿನ್ ಕಾದಾಗಿನ ಸ್ನಿಗ್ಧತೆಯನ್ನು ಹೇಳುತ್ತದೆ. ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. ಅಳತೆಯ ಮಾನ ಸೆಂಟಿಸ್ಟೋಕ್ಸ್. ಕೋಣೆಯ ಉಷ್ಣತೆಯ ನೀರಿಗೆ ಇದು ಸುಮಾರು 1.

• 30 ದರ್ಜೆ: 9.3ರಿಂದ 12.5ರ ಒಳಗೆ
• 40 ದರ್ಜೆ: 12.5ರಿಂದ 16.3ರ ಒಳಗೆ
• 50 ದರ್ಜೆ: 16.3ರಿಂದ 21.9ರ ಒಳಗೆ

ಮೊದಲಿನ ಅಂಕಿಯ ಪಕ್ಕದ ಡಬ್ಲ್ಯೂ ಅಂದರೆ ಇಂಗ್ಲಿಷಿನ ವಿಂಟರ್, ಚಳಿಗಾಲ. 20ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯೂ ಎಣ್ಣೆಯನ್ನು 25 ಡಿಗ್ರಿ ಕೆಳಗೆ, 0ಡಬ್ಲ್ಯೂ ಎಣ್ಣೆಯನ್ನು 35 ಡಿಗ್ರಿ ಕೆಳಗೆ ಇಟ್ಟು ಪರೀಕ್ಷಿಸುತ್ತಾರೆ. ರೊಳ್ಳದಲ್ಲಿ ಮಾಗಿಯ ಚಳಿ ಎಷ್ಟೇ ಇದ್ದರೂ ಸೊನ್ನೆಯ ಹತ್ತಿರಕ್ಕೂ ಹೋಗುವುದಿಲ್ಲ. ಬೇಸಿಗೆಯಲ್ಲಂತೂ ನಮ್ಮ ಸೀಮೆ 40 ಡಿಗ್ರಿ ಕಾಣುತ್ತದೆ. ಹಾಗಾದರೆ "ಕೊರೆಯುವ ಚಳಿಯಲ್ಲೂ ಗಾಡಿ ಸ್ಟಾರ್ಟ್" ಎಂಬ ಜಾಹೀರಾತಿಗೆ ಹೆಚ್ಚು ದುಡ್ಡು ಕೊಡಬೇಕೇ? ಯೋಚಿಸಿ. ಹಾಗಂತ "ನಮ್ಮೂರು ಬಿಸಿಲು, ಗಟ್ಟಿ ಎಣ್ಣೆನೇ ಹಾಕೋಣ" ಅಂತ ನಾವೇ ದರ್ಜೆ ಬದಲಿಸುವುದೂ ತಪ್ಪು. ಎಂಜಿನ್ನಿನ ಭಾಗಗಳ ನಡುವೆ ಎಷ್ಟು ಸಂದು ಬಿಟ್ಟಿದ್ದಾರೆ ಎಂಬುದು ಅದನ್ನು ಮಾಡಿದವರಿಗೆ ಗೊತ್ತು. ಅದಕ್ಕೆ ತಕ್ಕ ದರ್ಜೆಯನ್ನು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಅವರೇ ಬರೆದಿರುತ್ತಾರೆ.

ಮಾಡಿ ನೋಡಿ

ಬೇಕಾದವು: ಎತ್ತರದ ಪಾರದರ್ಶಕ ಗಾಜಿನ ಬಾಟಲಿ ಅಥವಾ ಅಳತೆ ಜಾಡಿ, ಹರಳೆಣ್ಣೆ, ಸೈಕಲ್ ಬೇರಿಂಗಿನ ಚಿಕ್ಕ ಉಕ್ಕಿನ ಗುಂಡುಗಳು, ಸ್ಟಾಪ್‌ವಾಚ್.

ಬಾಟಲಿಗೆ ಹರಳೆಣ್ಣೆ ತುಂಬಿ. ಒಂದು ಗುಂಡನ್ನು ಮೇಲಿನಿಂದ ಮೆಲ್ಲಗೆ ಬಿಡಿ. ತಳ ಮುಟ್ಟಲು ಎಷ್ಟು ಸೆಕೆಂಡು? ಐದು ಗುಂಡು ಬಿಟ್ಟು ಸರಾಸರಿ ತೆಗೆಯಿರಿ. ಈಗ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಅಳೆಯಿರಿ. ಬಿಸಿನೀರಿನ ಕೆಲಸ ಮೇಷ್ಟ್ರ ಎದುರಿಗೇ ಆಗಲಿ. ಎಣ್ಣೆಯನ್ನು ನೇರವಾಗಿ ಒಲೆಯ ಮೇಲೆ ಇಡಬೇಡಿ.

ಬಿಸಿ ಎಣ್ಣೆಯಲ್ಲಿ ಗುಂಡು ಎಷ್ಟು ಬೇಗ ಇಳಿಯಿತು ನೋಡಿ! ಕಾದಂತೆ ಎಣ್ಣೆ ತೆಳ್ಳಗಾಗುತ್ತದೆ. ಎಂಜಿನ್ ಆಯಿಲ್ ಮಾಡುವವರ ಮುಖ್ಯ ತಲೆನೋವೇ ಇದು. ಕಾದಾಗಲೂ ಪದರ ಹರಿಯಬಾರದು, ತಣ್ಣಗಿದ್ದಾಗಲೂ ಎಣ್ಣೆ ಹರಿಯಬೇಕು. ಉಷ್ಣತೆ ಬದಲಾದರೂ ಸ್ನಿಗ್ಧತೆ ಹೆಚ್ಚು ಬದಲಾಗದ ಎಣ್ಣೆಯೇ ಒಳ್ಳೆಯದು.

ಸಿಂಥೆಟಿಕ್ ಅಂದರೇನು?

ಕಣದಲ್ಲಿ ರಾಶಿ ಹಾಕಿದ ಕಡಲೆಕಾಯಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ದಪ್ಪ ಕಾಯಿ, ಸಣ್ಣ ಕಾಯಿ, ಜೊಳ್ಳು, ಕಲ್ಲು, ಮಣ್ಣು ಎಲ್ಲ ಇರುತ್ತದೆ. ಜರಡಿ ಹಿಡಿದು ಕೇರಿದರೆ ಒಂದಿಷ್ಟು ಹಸನಾಗುತ್ತದೆ. ಕಾಳು ಕಾಳಾಗಿ ಆರಿಸಿದರೆ ಬಿತ್ತನೆ ಬೀಜ ಸಿಗುತ್ತದೆ. ಕಚ್ಚಾ ತೈಲವೂ ಹೀಗೇ. ಅದರಲ್ಲಿ ಬೇರೆ ಬೇರೆ ಗಾತ್ರದ, ಬೇರೆ ಬೇರೆ ಆಕಾರದ ಅಣುಗಳಿರುತ್ತವೆ, ಜೊತೆಗೆ ಗಂಧಕ, ಮೇಣ ಮೊದಲಾದವು. ಅದನ್ನು ಶುದ್ಧಿ ಮಾಡಿ ಪಡೆದ ಎಣ್ಣೆ ಮಿನರಲ್ ಆಯಿಲ್. ಅಣುಗಳನ್ನೇ ಒಡೆದು ಹೊಸದಾಗಿ ಜೋಡಿಸಿ, ಅಥವಾ ಚಿಕ್ಕ ಅಣುಗಳಿಂದ ಬೇಕಾದ ಅಣುವನ್ನೇ ಕಟ್ಟಿ ಪಡೆದದ್ದು ಸಿಂಥೆಟಿಕ್. ಅಣುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಾಗಿರುವುದರಿಂದ ಅದು ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಬೇಗ ಕೆಡುವುದಿಲ್ಲ.

ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಮೂಲ ಎಣ್ಣೆಗಳನ್ನು ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೆಯ ಗುಂಪು ಮಿನರಲ್. ಮೂರನೆಯದು ಕಚ್ಚಾ ತೈಲದಿಂದಲೇ ಬಂದರೂ ಜಲಜನಕ ಸೇರಿಸಿ ತೀವ್ರವಾಗಿ ಸಂಸ್ಕರಿಸಿದ್ದು. ನಾಲ್ಕನೆಯದು ಪಾಲಿ ಆಲ್ಫಾ ಓಲಿಫಿನ್, ಇದು ಪೂರ್ತಿ ಕಟ್ಟಿದ ಅಣು. ಐದನೆಯದರಲ್ಲಿ ಎಸ್ಟರ್ ಮುಂತಾದ ಉಳಿದವೆಲ್ಲ ಬರುತ್ತವೆ.

ಇಲ್ಲೊಂದು ಸ್ವಾರಸ್ಯವಿದೆ. ಮೂರನೆಯ ಗುಂಪಿನ ಎಣ್ಣೆಯನ್ನು ಸಿಂಥೆಟಿಕ್ ಅನ್ನಬಹುದೇ? 1990ರ ದಶಕದಲ್ಲಿ ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಕಂಪನಿ ತನ್ನ ಸಿಂಥೆಟಿಕ್ ಎಣ್ಣೆಯಲ್ಲಿ ನಾಲ್ಕನೆಯ ಗುಂಪಿನ ಬದಲು ಮೂರನೆಯ ಗುಂಪಿನದನ್ನು ಬಳಸತೊಡಗಿತು. "ಅದನ್ನು ಸಿಂಥೆಟಿಕ್ ಎನ್ನಬಾರದು" ಎಂದು ಮೊಬಿಲ್ ಕಂಪನಿ ತಕರಾರು ಮಾಡಿತು. ಜಾಹೀರಾತುಗಳ ದೂರು ವಿಚಾರಿಸುವ ಅಲ್ಲಿನ ಮಂಡಳಿ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಹೇಳಿತು. ಹಾಗಾಗಿ ಇವತ್ತು "ಸಿಂಥೆಟಿಕ್" ಎಂಬ ಮಾತೊಂದರಿಂದಲೇ ಡಬ್ಬಿಯೊಳಗೆ ಯಾವ ಗುಂಪಿನ ಎಣ್ಣೆ ಇದೆ ಎಂದು ತಿಳಿಯುವುದಿಲ್ಲ. ಹೆಸರಾಂತ ಡಬ್ಬಿಗೂ, ಹೆಸರಿಲ್ಲದ ಡಬ್ಬಿಗೂ ಈ ಮಾತು ಒಂದೇ. "ಸೆಮಿ ಸಿಂಥೆಟಿಕ್" ಅಂದರೆ ಎರಡನ್ನೂ ಬೆರೆಸಿದ್ದು.

ಇನ್ನೂ ಒಂದು ವಿಷಯ. ಡಬ್ಬಿಯಲ್ಲಿರುವುದೆಲ್ಲ ಮೂಲ ಎಣ್ಣೆ ಅಲ್ಲ. ಸವೆತ ತಡೆಯುವ, ಕೊಳೆ ತೊಳೆಯುವ, ನೊರೆ ತಡೆಯುವ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಸಾರಿಗೆ ಬೇಳೆ ಎಷ್ಟು ಮುಖ್ಯವೋ ಹುಳಿ ಖಾರವೂ ಅಷ್ಟೇ ಮುಖ್ಯ, ಅಲ್ಲವೇ?

ಡಬ್ಬಿಯೊಳಗಿನ ಎಣ್ಣೆ ಯಾರದು?

ನಮ್ಮ ಅಂಗಡಿಗಳಲ್ಲಿ ಮೂರು ಬಗೆ ಸಿಗುತ್ತದೆ.

ಮೊದಲನೆಯದು ಎಣ್ಣೆ ಕಂಪನಿಗಳ ಹೆಸರಿನದು. ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಹಿಂದೂಸ್ತಾನ್ ಪೆಟ್ರೋಲಿಯಂನ ಎಚ್‌ಪಿ, ಖಾಸಗಿಯವರ ಕ್ಯಾಸ್ಟ್ರಾಲ್, ಶೆಲ್, ಗಲ್ಫ್, ಮೋಟುಲ್ ಇತ್ಯಾದಿ.

ಎರಡನೆಯದು ಗಾಡಿ ಕಂಪನಿಯ ಹೆಸರಿನ "ಜೆನ್ಯೂನ್ ಆಯಿಲ್". ಹೀರೋ, ಹೋಂಡಾ, ಟಿವಿಎಸ್, ಬಜಾಜ್ ಹೆಸರಿನಲ್ಲಿ ಬರುವುದು. ಗಾಡಿ ಮಾಡುವವರ ಬಳಿ ತೈಲ ಶುದ್ಧೀಕರಣ ಘಟಕ ಇರುವುದಿಲ್ಲ. ತಮಗೆ ಬೇಕಾದ ಗುಣಮಟ್ಟ ಹೇಳಿ ಎಣ್ಣೆ ಕಂಪನಿಗಳಿಂದ ಮಾಡಿಸಿ, ತಮ್ಮ ಹೆಸರು ಹಾಕಿ ಮಾರುತ್ತಾರೆ.

ಮೂರನೆಯದು ನಾವು ಕೇಳೇ ಇರದ ಹೆಸರಿನದು, ಮತ್ತು ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಎಣ್ಣೆ.

ಅಮೆರಿಕದಲ್ಲಿ ದೊಡ್ಡ ದೊಡ್ಡ ಅಂಗಡಿಗಳೇ ತಮ್ಮ ಹೆಸರಿನ ಎಣ್ಣೆ ಮಾರುತ್ತವೆ. ವಾಲ್‌ಮಾರ್ಟ್ ಅಂಗಡಿಯ ಸೂಪರ್ ಟೆಕ್, ಕಾಸ್ಟ್‌ಕೋ ಅಂಗಡಿಯ ಕರ್ಕ್‌ಲ್ಯಾಂಡ್ ಹೀಗೆ. ಅವೂ ಬೇರೆ ಕಾರ್ಖಾನೆಗಳಲ್ಲಿ ತಯಾರಾಗುವಂಥವೇ. ಅಲ್ಲಿನವರೂ "ಅಂಗಡಿ ಹೆಸರಿನದು ಹಾಕ್ಲಾ, ಕಂಪ್ನಿ ಹೆಸರಿನದು ಹಾಕ್ಲಾ" ಅಂತ ನಮ್ಮಂತೆಯೇ ತಲೆ ಕೆರೆದುಕೊಳ್ಳುತ್ತಾರೆ. ಉತ್ತರ ಅಲ್ಲಿಗೂ ಇಲ್ಲಿಗೂ ಒಂದೇ: ಮುಂದಿನ ಹೆಸರಿಗಿಂತ ಮೊದಲು ಡಬ್ಬಿ ತಿರುಗಿಸಿ ಹಿಂದಿನ ಅಕ್ಷರ ನೋಡಿ.

ಹಿಂದಿನ ಅಕ್ಷರ ಓದಿ

ಎಪಿಐ ಎಂಬುದರ ಪಕ್ಕ ಎರಡು ಅಕ್ಷರ ಇರುತ್ತದೆ. ಎಸ್ ಇಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ: ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸ ಪರೀಕ್ಷೆ. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಸಿ ಇಂದ ಶುರುವಾದರೆ ಡೀಸೆಲ್ಲಿಗೆ: ಸಿಎಚ್-4, ಸಿಐ-4 ಹೀಗೆ. ಡೀಸೆಲ್ ಉರಿದಾಗ ಮಸಿ ಹೆಚ್ಚು. ಆದ್ದರಿಂದ ಟ್ರ್ಯಾಕ್ಟರಿನ ಎಣ್ಣೆಯಲ್ಲಿ ಮಸಿ ಹಿಡಿದಿಡುವ ರಾಸಾಯನಿಕ ಬೇಕು. ಬೈಕಿನ ಎಣ್ಣೆಯನ್ನು ಟ್ರ್ಯಾಕ್ಟರಿಗೆ ಹಾಕಬಾರದು ಅನ್ನುವುದು ಇದಕ್ಕೇ.

ಬೈಕಿನವರಿಗೆ ಅತಿ ಮುಖ್ಯವಾದದ್ದು ಜಾಸೊ ಎಂಬ ಜಪಾನಿನ ಗುರುತು. ನಮ್ಮ ಹೆಚ್ಚಿನ ಗೇರ್ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಪಿಸ್ಟನ್ನಿಗೆ ಘರ್ಷಣೆ ಕಡಿಮೆ ಬೇಕು, ಕ್ಲಚ್ಚಿಗೆ ಮಾತ್ರ ಘರ್ಷಣೆ ಬೇಕೇ ಬೇಕು! ಅದು ಜಾರಿದರೆ ಎಂಜಿನ್ ಕೂಗುತ್ತದೆ, ಗಾಡಿ ಏರು ಹತ್ತುವುದಿಲ್ಲ. ಜಾಸೊ ಎಂಎ ಅಥವಾ ಎಂಎ2 ಅಂದರೆ ಈ ಎಣ್ಣೆ ಕ್ಲಚ್ಚನ್ನು ಜಾರಿಸುವುದಿಲ್ಲ ಎಂದು. ಜಾಸೊ ಎಂಬಿ ಅಂದರೆ ಘರ್ಷಣೆ ಇನ್ನೂ ಕಡಿಮೆ ಇರುವ ಎಣ್ಣೆ, ಕ್ಲಚ್ ಎಣ್ಣೆಯಲ್ಲಿ ಮುಳುಗಿರದ ಗೇರ್‌ಲೆಸ್ ಸ್ಕೂಟರುಗಳಿಗೆ.

ಈಗ ಯೋಚಿಸಿ. ಯಾರೋ ಪ್ರೀತಿಯಿಂದ ತಮ್ಮ ಬೈಕಿಗೆ ಕಾರಿನ ದುಬಾರಿ ಸಿಂಥೆಟಿಕ್ ಎಣ್ಣೆ ಹಾಕಿಸಿದರು. ದೊಡ್ಡ ಹೆಸರು, ಅಸಲಿ ಮಾಲು, ಎಲ್ಲ ಸರಿ. ಆದರೆ ಕಾರಿನ ಹಲವು ಎಣ್ಣೆಗಳಲ್ಲಿ ಘರ್ಷಣೆ ಇಳಿಸುವ ರಾಸಾಯನಿಕ ಇರುತ್ತದೆ. ರತ್ನಗಿರಿಯಂಥ ಏರಿನಲ್ಲಿ ಹಿಂದೆ ಒಂದು ಮೂಟೆ ಹಾಕಿಕೊಂಡು ಹೊರಟರೆ ಕ್ಲಚ್ ಜಾರುವ ಸಂಭವ ಇದೆ. ಅದೇ ಗಾಡಿಗೆ ಅರ್ಧ ಬೆಲೆಯ, ಆದರೆ ಸರಿಯಾದ ದರ್ಜೆಯ, ಜಾಸೊ ಎಂಎ ಇರುವ ಎಣ್ಣೆ ಹೊಂದುತ್ತದೆ. ದುಬಾರಿ ಎಣ್ಣೆಯೂ ತಪ್ಪು ಎಣ್ಣೆ ಆಗಬಹುದು.

ಹಾಗೆಯೇ 2ಟಿ ಎಂದು ಬರೆದ ಎಣ್ಣೆ ಹಳೆಯ ಟು ಸ್ಟ್ರೋಕ್ ಮೊಪೆಡ್ಡುಗಳಲ್ಲಿ ಪೆಟ್ರೋಲಿನ ಜೊತೆ ಉರಿದುಹೋಗುವಂಥದ್ದು. ಅದನ್ನು ಫೋರ್ ಸ್ಟ್ರೋಕ್ ಗಾಡಿಯ ಎಂಜಿನ್ನಿಗೆ ಹಾಕಬಾರದು.

ಇನ್ನೊಂದು ಸೂಕ್ಷ್ಮ. "ಎಪಿಐ ಮಟ್ಟಕ್ಕೆ ತಕ್ಕದ್ದು" ಎಂದು ಬರೆಯುವುದು ತಯಾರಕರ ಹೇಳಿಕೆ. ಎಪಿಐನ ವೃತ್ತಾಕಾರದ ಗುರುತು ಇದ್ದರೆ ಅದು ಆ ಸಂಸ್ಥೆಯಿಂದ ಪಡೆದ ಪರವಾನಗಿ. ಹೇಳಿಕೆ ಬೇರೆ, ಪುರಾವೆ ಬೇರೆ. ವಿಜ್ಞಾನ ಓದುವವರು ಈ ವ್ಯತ್ಯಾಸವನ್ನು ಎಲ್ಲೇ ಆಗಲಿ ಮರೆಯಬಾರದು.

ಲೆಕ್ಕ ಹಾಕೋಣ

ಕೆಳಗಿನ ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮೂರ ಅಂಗಡಿಯ ಬೆಲೆ ಕೇಳಿ ಬದಲಿಸಿಕೊಳ್ಳಿ. ಒಂದು ಬೈಕಿಗೆ 1 ಲೀಟರ್ ಎಣ್ಣೆ ಬೇಕು, ವರ್ಷಕ್ಕೆ ಅದು 9000 ಕಿ.ಮೀ. ಓಡುತ್ತದೆ, 3000 ಕಿ.ಮೀ.ಗೆ ಒಮ್ಮೆ ಎಣ್ಣೆ ಬದಲಿಸಬೇಕೆಂದು ಪುಸ್ತಕ ಹೇಳುತ್ತದೆ ಎಂದುಕೊಳ್ಳಿ.

• ಹೆಸರಿರುವ ಮಿನರಲ್ ಎಣ್ಣೆ, 350 ರೂ.: ವರ್ಷಕ್ಕೆ 3 ಸಲ, 1050 ರೂ.
• ಸರಿಯಾದ ಅಕ್ಷರಗಳಿರುವ ಕಡಿಮೆ ಬೆಲೆಯ ಎಣ್ಣೆ, 280 ರೂ.: 840 ರೂ.
• ಹೆಸರಿರುವ ಸಿಂಥೆಟಿಕ್, 700 ರೂ.: 2100 ರೂ.

ಸಿಂಥೆಟಿಕ್ ಹಾಕಿದರೆ 6000 ಕಿ.ಮೀ.ವರೆಗೆ ಓಡಿಸಬಹುದೆಂದು ಗಾಡಿಯ ಪುಸ್ತಕವೇ ಹೇಳಿದರೆ ಅದರ ಖರ್ಚು 1050 ರೂಪಾಯಿಗೆ ಇಳಿದು, ಮಿನರಲ್‌ಗೆ ಸಮ ಆಗುತ್ತದೆ. ಪುಸ್ತಕ ಹಾಗೆ ಹೇಳದಿದ್ದರೆ? ನಿಧಾನವಾಗಿ ಓಡಿಸುವ ಚಿಕ್ಕ ಬೈಕಿಗೆ ಹೆಚ್ಚಿನ 1050 ರೂಪಾಯಿಯಿಂದ ಸಿಗುವ ಲಾಭ ಸ್ವಲ್ಪವೇ. ಪುಸ್ತಕ ಸಿಂಥೆಟಿಕ್ಕೇ ಬೇಕು ಎಂದಿದ್ದರೆ ಮಾತ್ರ ಅಲ್ಲಿ ಉಳಿತಾಯ ಹುಡುಕಬೇಡಿ.

ಈಗ ಇನ್ನೊಂದು ಪಕ್ಕ ನೋಡಿ. ಕಡಿಮೆ ಬೆಲೆಯ ಎಣ್ಣೆಯಿಂದ ಉಳಿದದ್ದು ವರ್ಷಕ್ಕೆ 210 ರೂಪಾಯಿ. ಡಬ್ಬಿಯ ಅಕ್ಷರ ನಿಜವಾದರೆ ಅದು ನಿಜವಾದ ಉಳಿತಾಯ. ಅಕ್ಷರ ಸುಳ್ಳಾಗಿದ್ದು ಎಂಜಿನ್ ಹಿಡಿದುಕೊಂಡರೆ ಹಲವು ಸಾವಿರ ಖರ್ಚು, ಗಾಡಿ ಗ್ಯಾರೇಜಿನಲ್ಲಿ, ಅಪ್ಪನ ಕೆಲಸ ನಿಲ್ಲುತ್ತದೆ. ಆದ್ದರಿಂದ "ಅಗ್ಗವೋ ದುಬಾರಿಯೋ" ಎಂಬುದಕ್ಕಿಂತ "ಅಕ್ಷರ ನಂಬಬಹುದೋ ಇಲ್ಲವೋ" ಎಂಬುದೇ ದೊಡ್ಡ ಪ್ರಶ್ನೆ.

ನಂಬುವುದು ಹೇಗೆ?

2011ರ ಪ್ಯಾಕೇಜು ಸರಕುಗಳ ನಿಯಮದಂತೆ ಡಬ್ಬಿಯ ಮೇಲೆ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ಎಷ್ಟು ಲೀಟರ್, ಯಾವ ತಿಂಗಳು, ಯಾವ ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳುವ ವಿವರ ಇರಲೇಬೇಕು. ಹೆಸರು ಹೊಸದಾದರೂ ಇವೆಲ್ಲ ಇದ್ದು, ದರ್ಜೆ, ಎಪಿಐ, ಜಾಸೊ ಸ್ಪಷ್ಟವಾಗಿದ್ದು, ಬಿಲ್ಲು ಕೊಡುವ ಅಂಗಡಿಯಾದರೆ ಆ ಎಣ್ಣೆಯನ್ನು ಪರಿಗಣಿಸಬಹುದು. ವಿಳಾಸವಿಲ್ಲದ ಡಬ್ಬಿ, ಡ್ರಮ್ಮಿನ ಬಿಡಿ ಎಣ್ಣೆ ಬೇಡ. ಅದರ ಮೇಲೆ ಓದಲು ಅಕ್ಷರವೇ ಇರುವುದಿಲ್ಲವಲ್ಲ!

ಹಾಗಾದರೆ ದೊಡ್ಡ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಪ್ರತಿ ಸಲವೂ ಒಂದೇ ಗುಣಮಟ್ಟ ಕೊಡುವ ವ್ಯವಸ್ಥೆ, ತಪ್ಪಾದರೆ ಕೇಳಲು ಒಂದು ವಿಳಾಸ ಅವರಲ್ಲಿರುತ್ತದೆ. ಆದರೆ ನಕಲಿ ಮಾಡುವವರು ನಕಲು ಮಾಡುವುದೂ ದೊಡ್ಡ ಹೆಸರನ್ನೇ. ಹೆಸರಿಲ್ಲದ್ದನ್ನು ನಕಲು ಮಾಡಿ ಏನು ಲಾಭ? ಹಳೆಯ ಡಬ್ಬಿಗೆ ಕಳಪೆ ಎಣ್ಣೆ ತುಂಬಿ ಮಾರುವುದುಂಟು. ಮುಚ್ಚಳದ ಸೀಲು ನೋಡಿ, ಖಾಲಿ ಡಬ್ಬಿಗೆ ತೂತು ಮಾಡಿಯೇ ಗುಜರಿಗೆ ಕೊಡಿ. ಮೋಸ ಆಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮನೆಯ ಹಿರಿಯರಿಂದ ಫೋನ್ ಮಾಡಿಸಿ.

ಎರಡು ತಪ್ಪು ತಿಳಿವಳಿಕೆ

"ಎಣ್ಣೆ ಕಪ್ಪಾಯ್ತು, ಅಂದ್ರೆ ಮಾಲು ಸರಿಯಿಲ್ಲ." ಹಾಗೇನಿಲ್ಲ. ಎಣ್ಣೆಯಲ್ಲಿರುವ ರಾಸಾಯನಿಕ ಮಸಿಯನ್ನು ಎಂಜಿನ್ನಿಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಂಡಿದೆ ಎಂದರ್ಥ. ಬಣ್ಣ ನೋಡಿ ತೀರ್ಮಾನಿಸಬೇಡಿ, ಕಿ.ಮೀ. ನೋಡಿ.

"ಕಡಿಮೆಯಾದ್ರೆ ಮೇಲೆ ಸ್ವಲ್ಪ ಹಾಕಿದ್ರೆ ಸಾಕು, ಬದಲಿಸೋದ್ಯಾಕೆ?" ಮೇಲೆ ಹಾಕಿದರೆ ಮಟ್ಟ ಸರಿಹೋಗುತ್ತದೆ, ಹಳೆಯ ಕೊಳೆ ಅಲ್ಲೇ ಉಳಿಯುತ್ತದೆ. ಹೊತ್ತಿಗೆ ಸರಿಯಾಗಿ ಬದಲಿಸಿದ ಸಾಧಾರಣ ಎಣ್ಣೆ, ಬದಲಿಸದೆ ಬಿಟ್ಟ ದುಬಾರಿ ಎಣ್ಣೆಗಿಂತ ಮೇಲು.

ತೆಗೆದ ಹಳೆ ಎಣ್ಣೆಯನ್ನು ಚರಂಡಿಗೋ ಬೋರ್‌ವೆಲ್ ಪಕ್ಕದ ಮಣ್ಣಿಗೋ ಸುರಿಯಬೇಡಿ. ಅದರಲ್ಲಿ ಲೋಹದ ಪುಡಿ, ಸುಟ್ಟ ರಾಸಾಯನಿಕ ಇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ನೀರಿಗಾಗಿ ಇಷ್ಟು ಆಳ ಕೊರೆಯುವ ನಾವು ಆ ನೀರನ್ನೇ ಕೆಡಿಸಿಕೊಳ್ಳಬಾರದು. ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೇ ಕೊಡಿ.

ಮನೆಯಲ್ಲಿ ಮಾಡಿ, ತರಗತಿಯಲ್ಲಿ ಹೇಳಿ

1. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಗಾಡಿಯ ಪುಸ್ತಕದಲ್ಲಿ ಯಾವ ದರ್ಜೆ, ಯಾವ ಎಪಿಐ, ಯಾವ ಜಾಸೊ ಬರೆದಿದೆ? ಎಷ್ಟು ಕಿ.ಮೀ.ಗೆ ಬದಲಿಸಬೇಕು? ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅಪ್ಪನಿಗೋ ಅಣ್ಣನಿಗೋ ಕೊಡಿ, ಅಂಗಡಿಗೆ ಹೋಗುವಾಗ ಜೇಬಿನಲ್ಲಿರಲಿ.
2. ಅಂಗಡಿಯಲ್ಲಿ ಬೇರೆ ಬೇರೆ ಹೆಸರಿನ ಮೂರು ಡಬ್ಬಿಗಳ ಹಿಂದಿನ ಬರಹ ಹೋಲಿಸಿ. ತಯಾರಿಸಿದವರು, ಮಾರುವವರು ಒಬ್ಬರೇನಾ?
3. ಒಂದು ಡಬ್ಬಿಯಲ್ಲಿ 20ಡಬ್ಲ್ಯೂ-40, ಜಾಸೊ ಎಂಬಿ ಎಂದಿದೆ. ಗೇರ್ ಬೈಕಿಗೆ ಹಾಕಬಹುದೇ? ಕಾರಣ ಕೊಡಿ.
4. ರಾಯದುರ್ಗದಲ್ಲಿ ಬಟ್ಟೆ ಹೊಲಿಯುವ ಮಷಿನ್ನುಗಳು ಬಹಳ. ಹೊಲಿಗೆ ಮಷಿನ್ನಿಗೆ ತೀರಾ ತೆಳುವಾದ ಎಣ್ಣೆ ಹಾಕುತ್ತಾರೆ. ಎಂಜಿನ್ ಆಯಿಲ್ ಏಕೆ ಹಾಕುವುದಿಲ್ಲ? ಸ್ನಿಗ್ಧತೆಯ ಮೂಲಕ ವಿವರಿಸಿ.